ಗಾಜಿನ ಪೆಟ್ಟಿಗೆಯೊಳಗೆ ಒಂದು ಕಂಠ

ಕೇಳುಗರಿಗೆ ನಮಸ್ಕಾರ. ಹೆಸರಾಂತ ಗಾಯಕರ ನೆನಪಿಗೆ ವಸ್ತುಸಂಗ್ರಹಾಲಯಗಳು ಏರ್ಪಡಿಸುವ ಪ್ರದರ್ಶನಗಳನ್ನು ಕುರಿತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನನಗೆ ಮೊದಲು ನೆನಪಾದವರು ಕ್ಯೂಬಾದ ಸೆಲಿಯಾ ಕ್ರೂಸ್. ಕ್ಯೂಬಾದ ಲಯಗಳಿಂದ ಬೆಳೆದ ಕುಣಿತದ ಸಂಗೀತವಾದ ಸಾಲ್ಸಾದ ರಾಣಿಯೆಂದು ಹೆಸರಾದ ಇವರು 1925ರಲ್ಲಿ ಹವಾನಾದಲ್ಲಿ ಹುಟ್ಟಿದರು, 2003ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ, 2005ರಲ್ಲಿ, ವಾಷಿಂಗ್ಟನ್ನಿನಲ್ಲಿರುವ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯವು ಇವರ ಬದುಕು ಮತ್ತು ಸಂಗೀತವನ್ನು ಕುರಿತು ಪ್ರದರ್ಶನವೊಂದನ್ನು ತೆರೆಯಿತು. ಅದಕ್ಕಿಟ್ಟ ಹೆಸರು ‘ಅಸೂಕಾರ್’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಸಕ್ಕರೆ.

ಗಾಯಕಿಯ ಪ್ರದರ್ಶನಕ್ಕೆ ಸಕ್ಕರೆಯ ಹೆಸರೇಕೆಂದು ನೀವು ಕೇಳಬಹುದು. ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಕ್ಯೂಬಾದ ಕ್ರಾಂತಿಯ ನಂತರ, 1960ರಲ್ಲಿ, ಸೆಲಿಯಾ ತಮ್ಮ ವಾದ್ಯವೃಂದದೊಂದಿಗೆ ಕ್ಯೂಬಾವನ್ನು ಬಿಟ್ಟರು; 1962ರಲ್ಲಿ ತಾಯಿ ತೀರಿಕೊಂಡಾಗ ಅಲ್ಲಿನ ಸರ್ಕಾರ ಅನುಮತಿ ಕೊಡದೆ, ಅಂತ್ಯಕ್ರಿಯೆಗೂ ಅವರಿಗೆ ಊರಿಗೆ ಮರಳಲಾಗಲಿಲ್ಲ. ಹೀಗೆ ದೇಶ ಬಿಟ್ಟ ಕ್ಯೂಬನ್ನರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ಅಮೆರಿಕದ ಮಯಾಮಿ ನಗರದ ಒಂದು ಹೋಟೆಲಿನಲ್ಲಿ ಒಮ್ಮೆ ಊಟವಾದ ಮೇಲೆ ಮಾಣಿಯು ಇವರ ಬಳಿ ಬಂದು, ಕಾಫಿಗೆ ಸಕ್ಕರೆ ಬೇಕೋ ಬೇಡವೋ ಎಂದು ಕೇಳಿದನು. ಕ್ಯೂಬಾದ ಕಾಫಿಯೆಂದರೆ ಪುಟ್ಟ ಬಟ್ಟಲಿನಲ್ಲಿ ಕೊಡುವ ಕಡುಕಹಿ ಕಷಾಯ. ಸಕ್ಕರೆಯಿಲ್ಲದೆ ಅದನ್ನು ಕುಡಿಯುವವರು ಅಲ್ಲಿ ಅಪರೂಪ. ಮಾಣಿಯೂ ಕ್ಯೂಬಾದವನೇ! ನೀನು ಕ್ಯೂಬಾದವನಾಗಿದ್ದೂ ಇದನ್ನು ಕೇಳುತ್ತೀಯಲ್ಲ, ಸಕ್ಕರೆ ಹಾಕಯ್ಯಾ, ಸಕ್ಕರೆ, ಎಂದು ಸೆಲಿಯಾ ದನಿಯೇರಿಸಿದರು. ಈ ಪ್ರಸಂಗವನ್ನು ಅವರು ಕಛೇರಿಯ ನಡುವೆ ಹೇಳುವುದು, ಜನ ಬಿದ್ದು ಬಿದ್ದು ನಗುವುದು ರೂಢಿಯಾಯಿತು. ಕೊನೆಗೆ ಕಥೆಯನ್ನು ಹೇಳುವ ಅಗತ್ಯವೂ ಉಳಿಯಲಿಲ್ಲ. ವೇದಿಕೆಗೆ ಬಂದು ‘ಅಸೂಕಾರ್!’ ಎಂದು ಒಮ್ಮೆ ಕೂಗಿದರೆ ಸಾಕು, ಸಭೆಗೆ ಸಭೆಯೇ ಎದ್ದು ನಿಲ್ಲುತ್ತಿತ್ತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕ್ಯೂಬಾದ ಕಬ್ಬಿನ ಗದ್ದೆಗಳಲ್ಲಿ ದುಡಿದ ಚರಿತ್ರೆಯನ್ನು ಬಲ್ಲವರಿಗೆ, ಕಪ್ಪು ವರ್ಣದ ಹೆಣ್ಣುಮಗಳೊಬ್ಬಳ ಬಾಯಿಯಿಂದ ಹೊರಟ ಆ ಕೂಗಿನಲ್ಲಿ ಬರಿಯ ಸಿಹಿಯಷ್ಟೇ ಕೇಳಿಸದು.

ನಾನು ಹೇಳಬೇಕೆಂದಿರುವುದು ಇಷ್ಟೇ: ಗಾಯಕರ ಪ್ರದರ್ಶನ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಸ್ಮಿತ್‌ಸೋನಿಯನ್ನಿನ ಸಂಗ್ರಹದಲ್ಲಿ ಸೆಲಿಯಾ ಅವರ ನೆರಿಗೆ ನೆರಿಗೆಯಾಗಿ ಇಳಿಬೀಳುವ ಕ್ಯೂಬನ್ ನಿಲುವಂಗಿಯಿದೆ. ಮೆಕ್ಸಿಕೋದ ಕುಶಲಿಯೊಬ್ಬರು ಮಾಡಿಕೊಟ್ಟ, ಹಿಮ್ಮಡಿಯ ಕೆಳಗೆ ಆಧಾರವೇ ಇಲ್ಲದೆ ಗಾಳಿಯಲ್ಲಿ ನಿಂತಂತೆ ಕಾಣುವ ಎತ್ತರದ ಪಾದರಕ್ಷೆಗಳಿವೆ. ನೋಡುಗರು ಇವುಗಳ ಮುಂದೆ ಸಾಲುಗಟ್ಟಿ ಫೋಟೋ ತೆಗೆದುಕೊಂಡು ಮುಂದೆ ಸಾಗುವುದಾದರೆ, ಕ್ಷಮಿಸಿ, ಅದಕ್ಕೆ ಬಟ್ಟೆಯಂಗಡಿಯೇ ಸಾಕಲ್ಲ! ಆ ಪಾದರಕ್ಷೆಗಳನ್ನು ಮೆಟ್ಟಿ ಕುಣಿಯುತ್ತಲೇ ಉಸಿರು ತಪ್ಪದೆ ಹಾಡಿದ ಕಂಠವನ್ನು ಕೇಳಿಸಿದಾಗ ಮಾತ್ರ ಅವುಗಳ ಎತ್ತರ ಅರ್ಥವಾಗುತ್ತದೆ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಮೊದಲು ಕಿವಿಗೆ.

ಅವರ ಕೊನೆಯ ದರ್ಶನಕ್ಕೆ ಮಯಾಮಿಯ ಫ್ರೀಡಂ ಟವರಿನಲ್ಲಿ ನೆರೆದ ಜನಸಾಗರದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಕಾಫಿಯ ಕಥೆಯೇ ಸಮಯವನ್ನೆಲ್ಲ ಕುಡಿದುಬಿಟ್ಟಿತು. 2024ರಲ್ಲಿ ಅಮೆರಿಕದ ಟಂಕಸಾಲೆ ಅವರ ಚಿತ್ರದೊಂದಿಗೆ ಕಾಲು ಡಾಲರಿನ ನಾಣ್ಯವನ್ನು ಹೊರತಂದು, ಅದರ ಮೇಲೆಯೂ ‘ಅಸೂಕಾರ್’ ಎಂದೇ ಕೆತ್ತಿಸಿತು. ನಾಣ್ಯವಾದರೋ ಹಾಡುವುದಿಲ್ಲ. ಅದಕ್ಕಾಗಿ, ಈ ಮಾತು ಮುಗಿದ ಕೂಡಲೇ 1974ರಲ್ಲಿ ಹೊರಬಂದ ಅವರ ‘ಕಿಂಬಾರಾ’ ಹಾಡನ್ನು ಪ್ರಸಾರ ಮಾಡಬೇಕೆಂದು ನಿಲಯದವರನ್ನು ಕೇಳಿಕೊಂಡಿದ್ದೇನೆ. ದಯವಿಟ್ಟು ರೇಡಿಯೋದ ದನಿಯನ್ನು ಸ್ವಲ್ಪ ಏರಿಸಿಕೊಳ್ಳಿ.