ಲಿಂಕನ್ ಅಂಟಿಸಿಟ್ಟ ಕಾಗದ

ಗೆಳೆಯರೇ,

ಅಮೆರಿಕದ ಅಂತರ್ಯುದ್ಧದ ದಿಕ್ಕು ಬದಲಾದದ್ದು ಎಲ್ಲಿ ಎಂದು ಕೇಳಿದರೆ ಹೆಚ್ಚಿನವರು ಗೆಟ್ಟಿಸ್‌ಬರ್ಗ್ ಎನ್ನುತ್ತಾರೆ. ತಪ್ಪೇನಲ್ಲ. 1863ರ ಜುಲೈ 3ರಂದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಬೇರೆಯಾದ ದಕ್ಷಿಣ ರಾಜ್ಯಗಳ ದಂಡನಾಯಕ ರಾಬರ್ಟ್ ಲೀ ಅಲ್ಲಿ ಸೋತರು. ಮರುದಿನವೇ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್, 47 ದಿನಗಳ ಮುತ್ತಿಗೆಯ ಬಳಿಕ, ಉತ್ತರದ ದಂಡನಾಯಕ ಯುಲಿಸಿಸ್ ಗ್ರಾಂಟ್ ಅವರಿಗೆ ಶರಣಾಯಿತು. ಆದರೆ ಯುದ್ಧದ ಅಳಿವು ಉಳಿವು ನಿಜವಾಗಿ ತೂಗಾಡಿದ್ದು ಮರುವರ್ಷದ ಆಗಸ್ಟ್‌ನಲ್ಲಿ ಎಂಬುದು ನನ್ನ ನಂಬಿಕೆ.

ಆ ಬೇಸಿಗೆ ಘೋರವಾಗಿತ್ತು. ಗ್ರಾಂಟ್ ವರ್ಜೀನಿಯಾದಲ್ಲಿ ಲೀ ಅವರ ಬೆನ್ನು ಬಿದ್ದು ಕೆಲವೇ ವಾರಗಳಲ್ಲಿ 50,000ಕ್ಕೂ ಹೆಚ್ಚು ಸೈನಿಕರನ್ನು ಸಾವು, ಗಾಯ, ಸೆರೆಗಳಲ್ಲಿ ಕಳೆದುಕೊಂಡಿದ್ದರು. ದಕ್ಷಿಣದ ರಾಜಧಾನಿ ರಿಚ್ಮಂಡ್ ಬಗ್ಗಿರಲಿಲ್ಲ. ದಕ್ಷಿಣದ ಇನ್ನೊಂದು ಮುಖ್ಯ ನಗರ ಅಟ್ಲಾಂಟಾದ ಹೊರಗೆ ಉತ್ತರದ ಮತ್ತೊಬ್ಬ ದಂಡನಾಯಕ ಷರ್ಮನ್ ಬೀಡುಬಿಟ್ಟೇ ಇದ್ದರು. ಊರೂರಿನಲ್ಲಿ ಪತ್ರಿಕೆ ತೆರೆದರೆ ಮಡಿದವರ ಪಟ್ಟಿ. ನವೆಂಬರ್‌ನಲ್ಲಿ ಚುನಾವಣೆ. ಗುಲಾಮಗಿರಿ ಕೊನೆಗೊಳ್ಳಲೇಬೇಕೆಂಬ ಷರತ್ತನ್ನು ಬಿಟ್ಟು ಸಂಧಿಯ ಮಾತಾಡಿ ಎಂದು ಸ್ವಂತ ಪಕ್ಷದವರೇ ಅಧ್ಯಕ್ಷ ಲಿಂಕನ್ ಅವರಿಗೆ ದುಂಬಾಲು ಬಿದ್ದರು.

ಲಿಂಕನ್ ಅಲುಗಾಡಲಿಲ್ಲವೆಂದು ನಾನು ಹೇಳಲಾರೆ. ಸಂಧಾನಕ್ಕೊಂದು ಕರಡನ್ನೂ ಬರೆದರು, ಆದರೆ ಕಳುಹಿಸಲಿಲ್ಲ. ಅವರನ್ನು ತಡೆದದ್ದು ಕಪ್ಪು ಸೈನಿಕರಿಗೆ ಕೊಟ್ಟ ಬಿಡುಗಡೆಯ ಮಾತು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಸೇರಿದ್ದರು. ಅವರಲ್ಲಿ ಬಹುಪಾಲು ಜನ ನಿನ್ನೆ ಮೊನ್ನೆಯವರೆಗೆ ಗುಲಾಮರು. ಯಾರ ಬೆವರಿನ ಅರಳೆ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಹೋಗುತ್ತಿತ್ತೋ ಅವರೇ ಈಗ ಬಂದೂಕು ಹಿಡಿದಿದ್ದರು. ಯುದ್ಧದಿಂದಾಗಿ ಆ ಅರಳೆ ನಿಂತದ್ದರಿಂದಲೇ ನಮ್ಮ ಧಾರವಾಡದ ಎರೆಹೊಲಗಳ ಹತ್ತಿಗೆ ಬಂಗಾರದ ಬೆಲೆ ಬಂದದ್ದು. ನಮ್ಮ ಸೀಮೆಯ ಆ ಸುಗ್ಗಿಯ ಹಿಂದೆ ಎಷ್ಟು ದೂರದವರ ನೋವಿತ್ತು ಎಂಬುದನ್ನು ನಾನು ಮರೆಯಲಾರೆ. ಪ್ರಾಣ ಒತ್ತೆಯಿಟ್ಟು ಹೋರಾಡಿದವರನ್ನು ಮತ್ತೆ ಒಡೆಯರ ಕೈಗೆ ಒಪ್ಪಿಸಿದರೆ ಇಹಪರಗಳೆರಡರಲ್ಲೂ ನನಗೆ ಕ್ಷಮೆಯಿಲ್ಲ ಎಂಬರ್ಥದ ಮಾತನ್ನು ಲಿಂಕನ್ ಆ ತಿಂಗಳೇ ಆಡಿದ್ದರು.

ಆಗಸ್ಟ್ 23ರಂದು ಅವರು ಒಂದು ಹಾಳೆಯಲ್ಲಿ ಕೆಲವೇ ಸಾಲು ಬರೆದರು. ತಾವು ಮರಳಿ ಗೆಲ್ಲುವುದು ಅನುಮಾನ. ಸೋತರೆ, ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಅವರೊಂದಿಗೆ ಕೈಜೋಡಿಸಿ ಒಕ್ಕೂಟವನ್ನು ಉಳಿಸಿಕೊಳ್ಳಬೇಕು ಎಂಬುದು ಅದರ ಸಾರ. ಹಾಳೆಯನ್ನು ಮಡಚಿ ಅಂಟಿಸಿ ಸಂಪುಟದ ಮುಂದಿಟ್ಟರು. ಒಳಗೇನಿದೆ ಎಂದು ತಿಳಿಯದೆಯೇ ಮಂತ್ರಿಗಳು ಹಿಂಬದಿಯಲ್ಲಿ ಸಹಿ ಹಾಕಿದರು.

ಹತ್ತೇ ದಿನ. ಸೆಪ್ಟೆಂಬರ್ 2ರಂದು ಅಟ್ಲಾಂಟಾ ಷರ್ಮನ್‌ರ ಸೇನೆಯ ವಶವಾಯಿತು. ಯುದ್ಧವೇ ವಿಫಲವೆಂದು ಆಗಷ್ಟೇ ಸಾರಿದ್ದ ಎದುರು ಪಕ್ಷದ ಕಾಲಡಿಯ ನೆಲ ಕುಸಿಯಿತು. ನವೆಂಬರ್ 8ರಂದು ಲಿಂಕನ್‌ಗೆ 212 ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಮತಗಳು), ಎದುರು ಪಕ್ಷದ ಅಭ್ಯರ್ಥಿಯಾಗಿ ನಿಂತಿದ್ದ ಅವರದೇ ಹಿಂದಿನ ದಂಡನಾಯಕ ಮೆಕ್ಲೆಲನ್‌ಗೆ 21.

ಮೂರು ದಿನಗಳ ಬಳಿಕ ಸಂಪುಟ ಸೇರಿದಾಗ ಲಿಂಕನ್ ಆ ಕಾಗದವನ್ನು ಹೊರತೆಗೆದು ಕಾರ್ಯದರ್ಶಿ ಜಾನ್ ಹೇ ಅವರ ಕೈಗಿತ್ತರು. ಎಷ್ಟು ಗಟ್ಟಿಯಾಗಿ ಅಂಟಿಸಿದ್ದರೆಂದರೆ, ಅದನ್ನು ಬಿಡಿಸಲು ಹೇ ಅಲ್ಲಲ್ಲಿ ಕತ್ತರಿಸಬೇಕಾಯಿತು.