ಕೈ ಕಟ್ಟಿ ಕೂರುವ ಕೆಲಸ

ಮುಂಬಯಿಯ ಮಾಟುಂಗಾದ ಕನ್ನಡ ಬಂಧುಗಳಿಗೆ ನಮಸ್ಕಾರ.

ಚಿತ್ರಕಲೆ ಮತ್ತು ಅಧ್ಯಾತ್ಮ ಎಂದು ವಿಷಯ ಕೊಟ್ಟಿದ್ದೀರಿ. ಆ ಹೆಸರಲ್ಲಿ ಈ ಊರಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಕಣ್ಣು ಮುಚ್ಚಿದ ಬುದ್ಧ, ಓಂಕಾರ, ಕಮಲ. ಸೋಫಾದ ಬಣ್ಣಕ್ಕೆ ಹೊಂದಿದರೆ ಬೇಗ ಬಿಕರಿಯೂ ಆಗುತ್ತವೆ. ಅವನ್ನು ಬದಿಗಿಟ್ಟು, ಬುದ್ಧನಿರಲಿ, ಒಂದು ಮರದ ಆಕಾರವೂ ಇಲ್ಲದ ಚಿತ್ರಗಳಿಗೆ ಬರುತ್ತೇನೆ.

ಅವನ್ನು ಬಿಡಿಸಿದ ವಾಸುದೇವ ಗಾಯತೋಂಡೆ ಹುಟ್ಟಿದ್ದು 1924ರಲ್ಲಿ, ನಾಗಪುರದಲ್ಲಿ. ಮನೆತನ ಗೋವೆಯದು, ಬೆಳೆದದ್ದು ಇಲ್ಲೇ ಗಿರಗಾಂವದ ಚಾಳಿನಲ್ಲಿ. 1948ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಡಿಪ್ಲೊಮಾ. ಚಾಳೆಂದರೇನೆಂದು ನಿಮಗೆ ನಾನು ಹೇಳಬೇಕೆ? ಸಾಲು ಕೋಣೆಗಳು, ಎಲ್ಲರಿಗೂ ಒಂದೇ ಮೊಗಸಾಲೆ, ನಲ್ಲಿಯ ಬಳಿ ಜಗಳ. ಧ್ಯಾನಕ್ಕೆ ಹಿಮಾಲಯವೇ ಬೇಕೆನ್ನುವವರು ಇದನ್ನು ಗಮನಿಸಬೇಕು. ಗಾಯತೋಂಡೆಯವರನ್ನು ಸೆಳೆದದ್ದು ಜಪಾನಿನ ಧ್ಯಾನಪ್ರಧಾನ ಬೌದ್ಧ ಪಂಥವಾದ ಝೆನ್, ರಮಣ ಮಹರ್ಷಿ, ಮತ್ತು ಇದೇ ಊರಲ್ಲಿ ಬೀಡಿ ಅಂಗಡಿ ನಡೆಸಿ ಸಂಸಾರ ಸಾಗಿಸಿದ ಅದ್ವೈತ ಗುರು ನಿಸರ್ಗದತ್ತ ಮಹಾರಾಜರು.

ಈಗ ಅವರ ಕೆಲಸ ನೋಡಿ. ಕುಂಚಕ್ಕಿಂತ ಹೆಚ್ಚಾಗಿ ರೋಲರ್ ಮತ್ತು ಪ್ಯಾಲೆಟ್ ನೈಫ್, ಅಂದರೆ ಬಣ್ಣ ಸವರುವ ಮೊಂಡು ಅಲಗು. ತೆಳುವಾಗಿ ಒಂದು ಪದರ ತೈಲವರ್ಣ, ಅದರ ಮೇಲೆ ಇನ್ನೊಂದು. ಹಸಿ ಬಣ್ಣದ ಮೇಲೆ ಹರಿದ ಕಾಗದದ ಚೂರು ಇಟ್ಟು, ಒತ್ತಿ, ಎತ್ತುವುದು. ಚೂರಿನ ಜೊತೆ ಸ್ವಲ್ಪ ಬಣ್ಣವೂ ಎದ್ದು ಬರುತ್ತದೆ. ಉಳಿದ ಜಾಗದಲ್ಲಿ ಕೆಳಗಿನ ಪದರ ಇಣುಕುತ್ತದೆ. ಚಿತ್ರದ ಒಳಗಿಂದಲೇ ಬೆಳಕು ಬರುತ್ತಿದೆ ಎನ್ನಿಸುವುದು ಇದರಿಂದ. ಹಚ್ಚಿದಷ್ಟೇ ತೆಗೆದದ್ದೂ ಮುಖ್ಯ. ಮುಂದಿನ ಪದರ ಯಾವಾಗ, ಬೇಕೋ ಬೇಡವೋ ಎಂಬುದಕ್ಕೆ ಸೂತ್ರವಿಲ್ಲ. ಕ್ಯಾನ್ವಾಸಿನ ಎದುರು ಸುಮ್ಮನೆ ಕೂರಬೇಕು, ‘ಏನಾದರೂ ಮಾಡಿಬಿಡೋಣ’ ಎಂಬ ಕೈಯ ತುರಿಕೆ ಅಡಗುವ ತನಕ. ನನ್ನ ಪ್ರಕಾರ ಸಾಧನೆ ಎಂದರೆ ಆ ಕೂರುವುದೇ. ವರ್ಷಕ್ಕೆ ಅವರಿಂದ ಹೊರಬರುತ್ತಿದ್ದದ್ದು ಬೆರಳೆಣಿಕೆಯ ಚಿತ್ರಗಳು. ಬಾಡಿಗೆ ಕಟ್ಟುವವನಿಗೆ ಇದು ಸುಲಭದ ವ್ರತವಲ್ಲ ಬಿಡಿ. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ನಡೆಸಿತು. ಆ ಹೊತ್ತಿಗೆ ಅವರು ತೀರಿಕೊಂಡು 13 ವರ್ಷ ಕಳೆದಿತ್ತು.

ಹಾಗಾದರೆ ಅಲುಗದೆ ಕೂತವರಿಗೆ ಮಾತ್ರ ಇದು ದಕ್ಕುವುದೋ? ಇಲ್ಲಿ ನಮ್ಮ ಉಡುಪಿಯ ಕಡೆಯ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಅಡ್ಡ ಬರುತ್ತಾರೆ. ಜೆ.ಜೆ.ಯಲ್ಲೇ ಕಲಿತು, ಅಲ್ಲೇ ಕಲಿಸಿ, ಮುಂಬಯಿಯಲ್ಲೇ ಬಾಳಿದವರು. ಲಯ ಮೈಗೆ ಹತ್ತಲೆಂದು ಕಥಕ್ ಕಲಿತರು. ಅವರ ರೇಖಾಚಿತ್ರದಲ್ಲಿ ಒಂದೇ ಗೆರೆ ನರ್ತಕಿಯ ತೋಳಾಗಿ, ಸೊಂಟವಾಗಿ, ಸೆರಗಾಗಿ ಓಡುತ್ತದೆ. ಗಾಯತೋಂಡೆಗೆ ಪದರದಿಂದ ಪದರಕ್ಕೆ ಕಾಯಲು ಬಿಡುವಿತ್ತು. ಶಾಯಿಯ ಗೆರೆಗೆ ಆ ಸವಲತ್ತಿಲ್ಲ. ಒಮ್ಮೆ ಇಳಿದರೆ ಇಳಿಯಿತು, ಕಾಯುವುದೆಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು. ಎರಡರಲ್ಲಿ ಯಾವುದು ಕಷ್ಟ ಎಂಬುದನ್ನು ಸಭೆಯಲ್ಲಿರುವ ಚಿತ್ರಕಾರರು ಹೇಳಲಿ. ನನ್ನ ಮತ ಹೆಬ್ಬಾರರಿಗೆ. ಊರಿನ ಅಭಿಮಾನ ಎಂದುಕೊಂಡರೂ ಬೇಸರವಿಲ್ಲ.