ಮಸಿ ಹಾಕೋದು ತಿದ್ದೋದಲ್ಲ

ನಮಸ್ಕಾರ. ಇವತ್ತು ನಿಬ್ಬು ತೊಳೆಯೋದು ಹೇಗೆ ಅಂತ ತೋರಿಸ್ತೀನಿ ಅಂದಿದ್ದೆ. ಅದು ಮುಂದಿನ ವಾರ. ಹೋದ ವಿಡಿಯೋ ಕೆಳಗೆ ಒಬ್ಬ ಅಣ್ಣ ಒಂದು ಸಾಲು ಬರೆದಿದ್ದಾರೆ, ಮೂರು ದಿನದಿಂದ ಅದು ಗಂಟಲಲ್ಲಿ ಮುಳ್ಳು ಸಿಕ್ಕ ಹಾಗೆ ಕೂತಿದೆ. "ಪೆನ್ಸಿಲ್‌ನಲ್ಲೇ ಚಿತ್ರ ಮುಗಿದಿದೆಯಲ್ಲ ಗುರು, ಅದನ್ನ ಇಂಕ್‌ನಲ್ಲಿ ತಿದ್ದೋಕೆ ನಾಲ್ಕು ದಿನ ಯಾಕೆ?"

ತಿದ್ದೋದಂತೆ! ಒಂದನೇ ಕ್ಲಾಸಲ್ಲಿ ಮೇಷ್ಟ್ರು ಸ್ಲೇಟ್ ಮೇಲೆ 'ಅ' ಬರೆದುಕೊಟ್ಟು, ಇದರ ಮೇಲೆ ಬಳಪ ಆಡಿಸು ಮಗಾ ಅಂತಿದ್ರಲ್ಲ, ಅದು ತಿದ್ದೋದು. 'ಅ' ಹೇಗಿರಬೇಕು ಅಂತ ಅಲ್ಲಿ ಮೇಷ್ಟ್ರು ಆಗಲೇ ತೀರ್ಮಾನ ಮಾಡಿಬಿಟ್ಟಿರ್ತಾರೆ. ನಾನು ಮಸಿಗೆ ನಿಬ್ಬು ಅದ್ದೋ ಹೊತ್ತಲ್ಲಿ ಯಾವ ತೀರ್ಮಾನವೂ ಆಗಿರಲ್ಲ. ಮಸಿ ಹಾಕೋದು ತಿದ್ದೋದಲ್ಲ.

ನಾಲ್ಕು ದಿನ ಯಾಕೆ ಅಂತ ಅಣ್ಣ ಕೇಳಿದ ಆ ಪುಟವನ್ನೇ ತಗೊಳ್ಳಿ. ಕರೆಂಟ್ ಹೋಗಿದೆ. ಮಲೆನಾಡಿನ ಮನೆ, ಜಗಲಿ ಮೇಲೆ ಅಜ್ಜಿ, ಬಿಳಿ ಸೀರೆ, ಪಕ್ಕದಲ್ಲಿ ಲಾಟೀನು. ಪೆನ್ಸಿಲ್‌ನಲ್ಲಿ ಸೀರೆ ನೆರಿಗೆ ಒಂದೊಂದೂ ಬರೆದಿದ್ದೆ, ಕತ್ತಲೆಗೆ ಬೂದು ಬಣ್ಣ ಸವರಿದ್ದೆ. ಪೆನ್ಸಿಲ್ ಅದಕ್ಕೆಲ್ಲ ಒಪ್ಪುತ್ತೆ. ಒತ್ತಿದ್ರೆ ಗಾಢ, ಸವರಿದ್ರೆ ತೆಳು, ನಡುವೆ ಎಷ್ಟು ಬೇಕಾದ್ರೂ. ಮಸಿಗೆ ಗೊತ್ತಿರೋದು ಎರಡೇ: ಇದೆ, ಇಲ್ಲ. ಬೂದು ಬಣ್ಣದ ಕತ್ತಲೆ ಮಸಿಯಲ್ಲಿ ಇರೋದೇ ಇಲ್ಲ. ಹಾಗಾದ್ರೆ ಎಲ್ಲಿ ಪೂರಾ ಕಪ್ಪು, ಎಲ್ಲಿ ಖಾಲಿ ಹಾಳೆ, ಎಲ್ಲಿ ಗೆರೆ ಪಕ್ಕ ಗೆರೆ ಎಳೆದು ಕಣ್ಣಿಗೆ ಬೂದು ಅನ್ನಿಸಬೇಕು? ಇದನ್ನ ಪೆನ್ಸಿಲ್ ಹೇಳಿಕೊಟ್ಟಿರಲ್ಲ. ಕೊನೆಗೆ ಸೀರೆಗೆ ನಾನು ಎಳೆದಿದ್ದು ಮೂರೇ ಗೆರೆ. ಹಿಂದಿನ ಗೋಡೆ ಪೂರ್ತಿ ಕಪ್ಪು ಮಾಡಿದೆ, ಸೀರೆ ತಾನಾಗೇ ಎದ್ದು ಬಂತು. ನಾನು ಬರೆದಿದ್ದು ಸೀರೆಯನ್ನಲ್ಲ, ಸೀರೆಯ ಸುತ್ತ ಇದ್ದ ಕತ್ತಲೆಯನ್ನ. ಎಲ್ಲಿ ತಿದ್ದಿದೆ ಹೇಳಿ ಅಣ್ಣ?

ಕೈ ಕೂಡ ಅದೇ ಕೈ ಅಲ್ಲ. ಪೆನ್ಸಿಲ್ ಯಾವ ದಿಕ್ಕಿಗೆ ಬೇಕಾದ್ರೂ ಓಡುತ್ತೆ. ಅದ್ದಿ ಬರೆಯೋ ನಿಬ್ಬನ್ನ ನಿಮ್ಮ ಕಡೆಗೆ ಎಳೀಬೇಕು. ಮುಂದಕ್ಕೆ ತಳ್ಳಿದ್ರೆ ಹಾಳೆಗೆ ಚುಚ್ಕೊಂಡು ಮಸಿ ಚಿಮ್ಮುತ್ತೆ. ಅದಕ್ಕೇ ನಾನು ಹಾಳೆಯನ್ನ ಗಾಣದೆತ್ತಿನ ಹಾಗೆ ಸುತ್ತಿಸ್ತಾ ಇರ್ತೀನಿ. ಒತ್ತಿದಾಗ ನಿಬ್ಬಿನ ಸೀಳಿದ ತುದಿ ಎರಡೂ ಕಡೆ ಅಗಲವಾಗಿ ಗೆರೆ ದಪ್ಪ ಆಗುತ್ತೆ, ಬಿಟ್ಟಾಗ ಕೂದಲೆಳೆ. ಲಾಟೀನಿನ ಬೆಳಕು ಬೀಳೋ ಕೆನ್ನೆಗೆ ಸಣ್ಣ ಗೆರೆ, ನೆರಳಿನ ಕೆನ್ನೆಗೆ ದಪ್ಪ ಗೆರೆ. ಕೆಳಗಿರೋ ಪೆನ್ಸಿಲ್ ಗೆರೆಗೆ ಎರಡೂ ಕೆನ್ನೆ ಒಂದೇ ದಪ್ಪ. ಅದರ ಮೇಲೇ ಓಡಿಸಿದ್ರೆ ಅಜ್ಜಿ ಬರಲ್ಲ, ತಂತಿ ಬಗ್ಗಿಸಿ ಮಾಡಿದ ಗೊಂಬೆ ಬರುತ್ತೆ.

ಅಂದಹಾಗೆ ಈ ಅಜ್ಜಿ ಪುಟ ನನ್ನ ಹೊಸ ಚಿತ್ರಕಥೆ ಪುಸ್ತಕದ್ದು. ಲಿಂಕ್ ಕೆಳಗಿದೆ, ತಗೊಳ್ಳಿ. ನಾಲ್ಕು ದಿನ ಎಲ್ಲಿ ಹೋಯ್ತು ಅಂತ ಪುಟದಲ್ಲೇ ಕಾಣುತ್ತೆ.

ಇನ್ನೊಬ್ಬರು ಬರೀತಾರೆ: ಕಪ್ಪು ಬಿಳುಪು ಎಲ್ಲ ಹಳೇ ಅಚ್ಚಿನ ಮನೆ ಕಾಟ ಸಾರ್, ಈಗ ಸ್ಕ್ಯಾನರ್ ಇದೆ. ನಿಜ, ಚಿತ್ರವನ್ನ ಸತುವಿನ ತಗಡಿಗೆ ಇಳಿಸಿ ಅಚ್ಚು ಹಾಕ್ತಿದ್ದ ಲೈನ್ ಬ್ಲಾಕ್ ಕಾಲದಲ್ಲಿ ಆಸಿಡ್ ತಿಂದ ಜಾಗ ಬಿಳಿ, ಉಳಿದ ಜಾಗ ಕಪ್ಪು, ಬೂದು ಬಣ್ಣಕ್ಕೆ ಅಲ್ಲಿ ದಾರಿಯೇ ಇರಲಿಲ್ಲ. ಅದಕ್ಕೇನೀಗ? ಸ್ಕ್ಯಾನರ್ ಇದ್ರೆ ಪೆನ್ಸಿಲ್ ಚಿತ್ರ ಹಾಕಿ, ಚೆನ್ನಾಗೇ ಇರುತ್ತೆ. ಅದು ಪೆನ್ಸಿಲ್ ಚಿತ್ರ, ಅಷ್ಟೆ. ಟ್ಯಾಬ್ಲೆಟ್‌ನಲ್ಲಿ ಅಳಿಸಿ ಅಳಿಸಿ ಬರೀಬಹುದಲ್ಲ ಅಂತೀರಿ. ಬರೀರಿ! ಸಾವಿರ ಸಲ ಅಳಿಸಿ, ಯಾವ ಗೆರೆ ಉಳೀಬೇಕು ಅಂತ ಸಾವಿರದ ಒಂದನೇ ಸಲವೂ ನೀವೇ ಹೇಳಬೇಕು. ಎಐ ಬಗ್ಗೆ ಕೇಳೋರಿಗೆ ಬೇರೆ ವಿಡಿಯೋ ಮಾಡಿದ್ದೀನಿ, ನಲವತ್ತು ನಿಮಿಷ ಇದೆ, ಪೂರ್ತಿ ನೋಡಿ ಬನ್ನಿ.

ತಿದ್ದೋದೇ ಆಗಿದ್ರೆ ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕಿರ್ಬಿ ಪುಟಗಳೆಲ್ಲ ಒಂದೇ ಥರ ಇರಬೇಕಿತ್ತು. 1960ರ ದಶಕದ ಮಾರ್ವೆಲ್ ಕಾಮಿಕ್ಸ್ ತೆಗೆದು ನೋಡಿ. ಪೆನ್ಸಿಲ್ ಕಿರ್ಬಿಯದೇ, ಮಸಿ ಬೇರೆಯವರದು. ಜೋ ಸಿನಾಟ್ ಮಸಿ ಹಾಕಿದ ಕಡೆ ದುಂಡು ದುಂಡು ಗೆರೆ, ಕಬ್ಬಿಣ ಹೊಳೆಯುತ್ತೆ. ವಿನ್ಸ್ ಕೊಲೆಟ್ಟಾ ಹಾಕಿದ ಕಡೆ ಗೀರು ಗೀರು ಸಣ್ಣ ಗೆರೆ, ಹಳೇ ಪುರಾಣದ ಪುಸ್ತಕದ ವಾಸನೆ. ಕೊಲೆಟ್ಟಾ ಕೆಲವು ಕಡೆ ಕಿರ್ಬಿ ಬರೆದಿದ್ದನ್ನೇ ಅಳಿಸಿ ಹಾಕ್ತಿದ್ರು, ಅದಕ್ಕೆ ಬೈಸಿಕೊಂಡಿದ್ದಾರೆ, ನಾನೂ ಬೈತೀನಿ. ಆದರೆ ತಿದ್ದೋನ ಕೈಯಲ್ಲಿ ಅಷ್ಟು ಅಧಿಕಾರ ಇರುತ್ತಾ?

ತಾಳಮದ್ದಳೆ ಕೇಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪದ್ಯ ಒಂದೇ, ಭಾಗವತರು ನಾಲ್ಕು ಸಾಲು ಹಾಡಿ ನಿಲ್ಲಿಸ್ತಾರೆ. ಒಬ್ಬರು ಅರ್ಥ ಹೇಳಿದ್ರೆ ಕರ್ಣ ಒಳಗೊಳಗೇ ಅಳ್ತಾನೆ, ಇನ್ನೊಬ್ಬರು ಹೇಳಿದ್ರೆ ಗುಡುಗ್ತಾನೆ. ಆ ಅರ್ಥಧಾರಿಗಳ ಮುಂದೆ ನಿಂತು "ನೀವು ಪದ್ಯ ತಿದ್ದೋರಲ್ವಾ" ಅಂತ ಕೇಳಿ ನೋಡಿ. ಕೇಳಿ, ಧೈರ್ಯ ಇದ್ರೆ!

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯ ಏನು ಅಂತ ತಿಳಿಯೋಕೆ ಕಥಕ್ ಕಲಿತರು. ಅವರ ಗೆರೆ ನೋಡಿ, ಕಾಲಿಗೆ ಗೆಜ್ಜೆ ಕಟ್ಟಿದ ಹಾಗಿದೆ. ತಿದ್ದೋಕೆ ಯಾರಾದ್ರೂ ನೃತ್ಯ ಕಲೀತಾರಾ? ಮೈಸೂರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್‌ಗೆ ಕಾಗೆ ಅಂದ್ರೆ ಪ್ರಾಣ. ನೀವೂ ಮಸಿಯಲ್ಲಿ ಒಂದು ಕಾಗೆ ಬರೆದು ನೋಡಿ. ಮೈಯೆಲ್ಲ ಕಪ್ಪು, ತಿದ್ದೋಕೆ ಅಂಚು ಬಿಟ್ರೆ ಏನೂ ಇಲ್ಲ. ರೆಕ್ಕೆ, ಕತ್ತಿನ ತಿರುವು, ಆ ಕಳ್ಳನೋಟ, ಎಲ್ಲ ಬರೋದು ಬ್ರಷ್ ಮುಟ್ಟದೆ ಬಿಟ್ಟ ಚೂರುಪಾರು ಬಿಳಿಯಿಂದ. ಎಷ್ಟು ಬಿಡಬೇಕು ಅಂತ ಯಾವ ಪೆನ್ಸಿಲ್ ಹೇಳುತ್ತೆ?

ಇಲ್ಲ, ನಂಗೆ ಸಿಟ್ಟು ಬಂದಿದೆ, ಮುಚ್ಚಿಡಲ್ಲ. ಇಂಡಿಯನ್ ಇಂಕ್ ಅಂದ್ರೆ ಕಾಡಿಗೆ ಮತ್ತು ಅರಗು, ಒಣಗಿದ ಮೇಲೆ ನೀರು ಹಾಕಿದ್ರೂ ಹೋಗಲ್ಲ. ಹೋಗದೇ ಇರೋದನ್ನ ತಿದ್ದೋದು ಅಂತ ಕರೀತೀರಲ್ಲ! ಮಸಿ ಹಾಕೋದು ತಿದ್ದೋದಲ್ಲ. ಅಲ್ಲ ಅಂದ್ರೆ ಅಲ್ಲ.

ಅಜ್ಜಿಯ ಪೆನ್ಸಿಲ್ ಪುಟ ಸ್ಕ್ಯಾನ್ ಮಾಡಿ ಕೆಳಗೆ ಇಟ್ಟಿದ್ದೀನಿ. ದಪ್ಪ ಹಾಳೆ ಮೇಲೆ ತಿಳಿಯಾಗಿ ಪ್ರಿಂಟ್ ತೆಗೀರಿ, ಮಸಿ ಹಾಕಿ ಕಳಿಸಿ. ನಿಬ್ಬು ಇಲ್ಲದವರು ಬ್ರಷ್ ಹಿಡೀರಿ, ಅದೂ ಇಲ್ಲ ಅಂದ್ರೆ ಜೆಲ್ ಪೆನ್ ಆದ್ರೂ ಸರಿ. ಶನಿವಾರ ರಾತ್ರಿ ಒಂಬತ್ತಕ್ಕೆ ಲೈವ್ ಬರ್ತೀನಿ, ಬಂದ ಅಜ್ಜಿಯರನ್ನೆಲ್ಲ ಪಕ್ಕ ಪಕ್ಕ ಇಟ್ಟು ನೋಡೋಣ. ಸಬ್‌ಸ್ಕ್ರೈಬ್ ಆಗದವರು ಆಗಿ, ಗಂಟೆ ಒತ್ತಿ. ಅಣ್ಣ, ನಿಮ್ಮ ಪುಟ ಮೊದಲು ತೆಗೀತೀನಿ. ಕಳಿಸಿ.